ನಿಂತ ಊರಿನ ಬಾಗುಗತ್ತಿ

ಆ ಊರಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕಂಬಗಳು. ಮನೆಗಳು ಆಮೇಲೆ ಕಾಣುತ್ತವೆ, ಮರಗಳು ಆಮೇಲೆ. ಮನುಷ್ಯರು ಎಲ್ಲಕ್ಕಿಂತ ಕೊನೆಗೆ ಕಾಣುತ್ತಾರೆ, ಏಕೆಂದರೆ ಅವರೂ ಕಂಬಗಳ ಪಕ್ಕದಲ್ಲಿ ಕಂಬಗಳ ಹಾಗೆಯೇ ನಿಂತಿರುತ್ತಾರೆ. ಆ ಊರಲ್ಲಿ ಯಾರೂ ಕೂರುವುದಿಲ್ಲ. ನಿಂತು ಅಡುಗೆ, ನಿಂತು ಊಟ, ನಿಂತು ಜಗಳ, ನಿಂತೇ ರಾಜಿ. ಹೆರಿಗೆಯೂ ನಿಂತೇ. ನಿದ್ದೆಗೆಂದು ಪ್ರತಿಯೊಬ್ಬರಿಗೂ ಒಂದೊಂದು ನಿಲುಗಂಬ ಉಂಟು. ಅದಕ್ಕೆ ಬೆನ್ನು ಕೊಟ್ಟು, ಎದೆಗೆ ಒಂದು ಬಟ್ಟೆ ಸುತ್ತಿ ಕಟ್ಟಿಕೊಂಡು ಕಣ್ಣು ಮುಚ್ಚುತ್ತಾರೆ. ಸತ್ತವರನ್ನೂ ಆಳದ ಗುಂಡಿ ತೋಡಿ ನಿಂತ ಹಾಗೆಯೇ ಹೂಳುತ್ತಾರೆ. ಹೆಜ್ಜೆ ಇಡಲು ಬಾರದ ಕೂಸುಗಳಿಗೆ ಮಾತ್ರ ವಿನಾಯಿತಿ; ಅವು ದೊಡ್ಡವರ ಹೆಗಲ ಮೇಲೆ ಬೆಳೆಯುತ್ತವೆ. ಒಂದು ಕಾಲದಲ್ಲಿ ಅಲ್ಲಿ ನಾಯಿಗಳೂ ಇದ್ದವಂತೆ. ಎಲ್ಲೆಂದರಲ್ಲಿ ಕೂರುತ್ತವೆಂದು ಜನ ಗದರಿಸಿ ಗದರಿಸಿ, ಅವಕ್ಕೂ ಸಾಕಾಗಿ, ಊರು ಬಿಟ್ಟು ಹೋದವಂತೆ. ಅವುಗಳದ್ದು ತಪ್ಪೆಂದು ಹೇಳುವ ಹಾಗಿಲ್ಲ.

ದಾರಿಯಲ್ಲಿ ಎದುರಾದವರು ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: "ನಿಂತಿದ್ದೀರಾ?"

"ಕತ್ತಿ ನಿಂತಿದೆ, ನಾವೂ ನಿಂತಿದ್ದೇವೆ" ಎನ್ನುವುದು ಅದಕ್ಕೆ ಉತ್ತರ. ಬೆಳಗ್ಗೆ ಹಾಗೆ ಹೇಳುವಾಗ ದನಿ ಗಟ್ಟಿಯಾಗಿರುತ್ತದೆ. ಸಂಜೆಗೆ ತುಟಿ ಮಾತ್ರ ಆಡುತ್ತದೆ.

ಕತ್ತಿ ಇರುವುದು ಆ ಸೀಮೆಗೆಲ್ಲ ಒಂದೇ ಆದ ಸಂಗ್ರಹಾಲಯದಲ್ಲಿ. ಉದ್ದನೆಯ ಒಂದು ಕೋಣೆ, ಎತ್ತರದಲ್ಲೊಂದು ಬೆಳಕಿಂಡಿ, ನಡುವೆ ಕಲ್ಲಿನ ಪೀಠ. ಪೀಠದ ಸೀಳಿನಲ್ಲಿ ಮೊನೆ ಊರಿಕೊಂಡು ಆ ಕತ್ತಿ ನಿಂತಿದೆ. ನೇರವಾದ ಕತ್ತಿಯಲ್ಲ; ಹಿಡಿಯಿಂದ ಸ್ವಲ್ಪ ದೂರ ಸುಮ್ಮನೆ ಬಂದು, ಅಲ್ಲಿಂದ ನಿಧಾನವಾಗಿ ಬಾಗಿದ, ಒಂದೇ ಕಡೆ ಅಲಗಿರುವ ಬಾಗುಗತ್ತಿ. ಹಿಡಿಯೂ ಅಲಗಿನ ಕಡೆಗೆ ಒಂದಿಷ್ಟು ವಾಲಿದೆ. ಪಕ್ಕದಲ್ಲಿ ಅದರ ಒರೆ. ಒರೆಗೆ ಮೇಲೊಂದು, ಕೆಳಗೊಂದು ಕೊಂಡಿ. ಅದರ ಪಕ್ಕದಲ್ಲಿ ಎರಡು ಕಬ್ಬಿಣದ ಬಳೆಗಳು. ಮೇಲೆ ದುಂಡಗೆ, ಕೆಳಗೆ ಪಾದವಿಡುವಷ್ಟು ಚಪ್ಪಟೆ. ಅವನ್ನು ಊರವರು ಕಾಲುಬಳೆ ಎನ್ನುತ್ತಾರೆ. ಎಲ್ಲವೂ ಬಯಲಿನ ಕಡೆಯಿಂದ ಬಂದ ಒಬ್ಬ ಅಲೆಮಾರಿಯವು.

ಊರಿನ ಗೋಡೆ ಇನ್ನೂ ಅರ್ಧಕ್ಕೇ ನಿಂತಿದ್ದ ಕಾಲದಲ್ಲಿ ಆ ಅಲೆಮಾರಿ ಬಂದನಂತೆ. ವೈರಿಗಳು ಊರನ್ನು ಮುತ್ತಿದ್ದಾಗ ಅವನೊಬ್ಬನೇ ಊರಬಾಗಿಲು ಕಾದನಂತೆ. ಹೆದರಿ ಕುಸಿಯುತ್ತಿದ್ದ ಜನರ ಕಡೆ ತಿರುಗಿ, "ನಾನು ಇಲ್ಲಿರೋ ತನಕ ಯಾರೂ ಕೂರಬೇಡಿ" ಎಂದನಂತೆ. ಕಾಳಗ ಮುಗಿಯಿತು, ಅವನೂ ಮುಗಿದ. ಜನ ಅವನ ಕತ್ತಿಯನ್ನು ತಂದು ನಿಲ್ಲಿಸಿದರು. ಕತ್ತಿ ಇಲ್ಲೇ ಇದೆಯೆಂದ ಮೇಲೆ ಅವನೂ ಇಲ್ಲೇ ಇದ್ದ ಹಾಗೆ. ಇನ್ನು ಕೂರಬಹುದು ಎಂದು ಹೇಳಬೇಕಾದವನು ಹೇಳದೆ ಹೋದ. ಊರು ಕೂರಲಿಲ್ಲ.

ತಪ್ಪಿ ಕೂತವರು ಗಡಿಕಲ್ಲಿನ ಆಚೆ ಹೋಗಬೇಕು. ಬೈಗುಳವಿಲ್ಲ, ಹೊಡೆತವಿಲ್ಲ. ಕೂತವರ ಅತಿ ಹತ್ತಿರದ ನಂಟರು ಅವರ ಕೈ ಹಿಡಿದು ನಡೆಸಿಕೊಂಡು ಹೋಗಿ, ಕಲ್ಲು ದಾಟಿಸಿ, ಹಿಂದೆ ತಿರುಗಿ ನೋಡದೆ ಮರಳಿ ಬರಬೇಕು. ಆಚೆ ಬರೀ ಬಯಲು, ಗಾಳಿ, ಒಣಹುಲ್ಲು. ಅಲ್ಲಿಂದ ಯಾರೂ ವಾಪಸು ಬಂದದ್ದಿಲ್ಲ.

ಈ ಕತ್ತಿಯನ್ನು ಓದಲು ಪ್ರತಿ ತಲೆಮಾರಿಗೂ ಒಬ್ಬರನ್ನು ಊರು ಆರಿಸುತ್ತಿತ್ತು. ಈ ಸಲ ಆರಿಸಿದ್ದು ಒಬ್ಬ ಹೆಂಗಸನ್ನು. ಅವಳನ್ನು ಎಲ್ಲರೂ ಓದುವವಳು ಎನ್ನುತ್ತಿದ್ದರು. ಅವಳಿಗಿದ್ದದ್ದು ಒಬ್ಬಳೇ ಅಕ್ಕ. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದು ಆ ಅಕ್ಕನೇ. ಹೊತ್ತ ಭಾರವೋ ಏನೋ, ಅಕ್ಕನ ಮೊಣಕಾಲುಗಳು ಬೇಗನೆ ಸೋತವು. ಈಗ ಅವಳು ದಿನವಿಡೀ ಕಂಬಕ್ಕೆ ಕಟ್ಟಿಕೊಂಡೇ ಇರುತ್ತಿದ್ದಳು. ಕಟ್ಟಿದ ಬಟ್ಟೆ ಕಂಕುಳಲ್ಲಿ ಕೊರೆದು ಗೆರೆ ಮೂಡಿತ್ತು.

ಓದುವುದೆಂದರೆ ಏನು? ಬೆಳಗಾದರೆ ಬಾಗಿಲು ತೆರೆಯುವುದು. ಕತ್ತಿಯ ಮುಂದೆ ನಿಲ್ಲುವುದು. ದಾರ ಹಿಡಿದು ಬಾಗನ್ನು ಅಳೆಯುವುದು, ಬೆರಳಿನ ತುದಿಯಿಂದ ಅಲಗಿನ ಮುಕ್ಕುಗಳನ್ನು ಸವರುವುದು, ಎಣ್ಣೆಬಟ್ಟೆಯಿಂದ ಒರೆಸುವುದು, ಒರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯುವುದು. ಮತ್ತೆ ನಿಲ್ಲುವುದು. ಮತ್ತೆ ಅಳೆಯುವುದು. ನಿನ್ನೆ ಅಳೆದದ್ದೇ ಇವತ್ತೂ ಬರುತ್ತಿತ್ತು. ಕಬ್ಬಿಣಕ್ಕೆ ಬೇಸರವಿಲ್ಲ. ಅವಳಿಗಿತ್ತು.

ಇಷ್ಟೆಲ್ಲ ಓದಿ ಹೇಳಬೇಕಾದದ್ದು ಒಂದೇ ಒಂದು ಸಂಗತಿ: ಆ ಅಲೆಮಾರಿ ನಿಂತದ್ದು ಎಡಗಾಲು ಊರಿಯೋ ಬಲಗಾಲು ಊರಿಯೋ?

ನಗಬೇಡಿ. ಈ ಮಾತಿಗೆ ಆ ಊರಲ್ಲಿ ಮದುವೆಗಳು ಮುರಿದಿದ್ದವು. ಕಾಲುಬಳೆಗಳಲ್ಲಿ ಎಡದ್ದು ಬಲದ್ದಕ್ಕಿಂತ ಹೆಚ್ಚು ಸವೆದಿತ್ತು. ಆದ್ದರಿಂದ ಅವನು ಎಡಗಾಲಿನ ಮೇಲೇ ಭಾರ ಬಿಟ್ಟಿದ್ದ ಎಂದು ಎಡಗಾಲಿನವರು ಎದೆ ತಟ್ಟಿಕೊಳ್ಳುತ್ತಿದ್ದರು. ಬಲಗಾಲನ್ನು ಮುಂದಿಟ್ಟು ಹೊಡೆಯುವವನಿಗೆ ಬಲದ ಬಳೆ ಸವೆಯುವುದೇ ಇಲ್ಲ ಎಂದು ಬಲಗಾಲಿನವರು ಹಟ ಹಿಡಿಯುತ್ತಿದ್ದರು. ಎರಡು ಪಂಗಡ, ಎರಡು ಬೀದಿ. ಒಂದು ಬೀದಿಯವರೆಲ್ಲ ಎಡಕ್ಕೆ ವಾಲಿ ನಡೆದರೆ ಇನ್ನೊಂದು ಬೀದಿಯವರು ಬಲಕ್ಕೆ. ಹಿಂದಿನ ಓದುವವರೆಲ್ಲ ಒಂದು ಸಲ ಎಡ, ಒಂದು ಸಲ ಬಲ ಎಂದು ಹೇಳಿ ಕಣ್ಣು ಮುಚ್ಚಿದ್ದರು. ಅವರೆಲ್ಲ ಒಪ್ಪಿದ್ದ ಸಂಗತಿ ಒಂದೇ. ಒರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆದರೆ ಅದರ ತುದಿ ಮೀನಖಂಡಕ್ಕೆ ಬಡಿದು ಅಲ್ಲಿ ನೀಲಿಗಟ್ಟುತ್ತದೆ. ಅದನ್ನು ಓದಿನ ಗುರುತು ಎಂದು ಕರೆದು, ಆ ನೀಲಿಯನ್ನು ಊರಿಗೆಲ್ಲ ತೋರಿಸಿ, ಅವರು ಹೆಮ್ಮೆಪಡುತ್ತಿದ್ದರು. ಓದುವವಳಿಗೂ ಆ ಗುರುತು ಬಿದ್ದಿತ್ತು. ಹೆಮ್ಮೆ ಮಾತ್ರ ಬರಲಿಲ್ಲ. ನೋಯುತ್ತಿತ್ತು, ಅಷ್ಟೇ.

ನಿಲುವಿನ ದಿನ ಹತ್ತಿರ ಬರುತ್ತಿತ್ತು. ಆ ದಿನ ಕತ್ತಿಯನ್ನು ಪೀಠದ ಸಮೇತ ಅಂಗಳಕ್ಕೆ ತರುತ್ತಾರೆ. ಎಲ್ಲರೂ ಕಂಬ ಬಿಟ್ಟು, ಬಟ್ಟೆ ಬಿಚ್ಚಿ, ಕತ್ತಿಯ ಸುತ್ತ ನಿಲ್ಲಬೇಕು. ಬೆಳಗ್ಗೆ ಉದ್ದಕ್ಕೆ ಮಲಗಿದ ಕತ್ತಿಯ ನೆರಳು ಕುಗ್ಗಿ ಕುಗ್ಗಿ ತನ್ನ ಬುಡಕ್ಕೇ ಬಂದು ಸೇರುವ ತನಕ ಯಾರನ್ನೂ ಯಾವುದನ್ನೂ ಹಿಡಿಯುವಂತಿಲ್ಲ. ಹೋದ ವರ್ಷ ಅಕ್ಕ ಹಲ್ಲು ಕಚ್ಚಿ ನಿಂತಿದ್ದಳು. ಈ ವರ್ಷ ನಿಲ್ಲಲಾರಳು. ಅದು ಅಕ್ಕನಿಗೂ ಗೊತ್ತಿತ್ತು, ತಂಗಿಗೂ ಗೊತ್ತಿತ್ತು. ಬಿದ್ದರೆ ಕೈ ಹಿಡಿದು ಗಡಿಕಲ್ಲು ದಾಟಿಸಬೇಕಾದವಳು ಯಾರು ಎಂಬುದೂ ಗೊತ್ತಿತ್ತು. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ.

ಒಂದು ದಿನ ಊರ ಯಜಮಾನ ಸಂಗ್ರಹಾಲಯಕ್ಕೆ ಬಂದ. ಉದ್ದನೆಯ ಆಳು, ಬಿಳಿ ಗಡ್ಡ, ಎಡಗಾಲಿನ ಪಂಗಡ. ಊರಿನಲ್ಲಿ ಅವನಷ್ಟು ನೆಟ್ಟಗೆ ನಿಲ್ಲುವವರು ಬೇರೆ ಇರಲಿಲ್ಲ.

"ನಿಂತಿದ್ದೀಯಾ ತಾಯಿ?" ಎಂದು ಕೇಳಿದ.

"ಕತ್ತಿ ನಿಂತಿದೆ, ನಾನೂ ನಿಂತಿದ್ದೇನೆ" ಎಂದಳು ಓದುವವಳು.

"ಈ ಸಲ ಗಟ್ಟಿಯಾಗಿ ಹೇಳಿಬಿಡು. ಎಡ ಅಂತ ಗೊತ್ತಾದ್ರೆ ಎಡ. ಆ ಬೀದಿ ಈ ಬೀದಿ ಅನ್ನೋ ರಗಳೆ ನನ್ನ ಕಾಲಕ್ಕೇ ಮುಗೀಲಿ."

"ಓದ್ತಾ ಇದೀನಿ ಯಜಮಾನರೇ."

ಅವನು ಕತ್ತಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ, "ನಿಮ್ಮಕ್ಕನಿಗೆ ಹೊಸ ಕಂಬ ಕಳಿಸಿದೀನಿ, ಇಲ್ಲೇ ಹಿಂದಿನ ಅಂಗಳದಲ್ಲಿ ಹಾಕ್ಸಿದೀನಿ. ನಿಲುವಿನ ದಿನ ಕಳೆದ ಮೇಲೆ ನೆಡಿಸೋಣ" ಎಂದ.

ನಿಲುವಿನ ದಿನ ಕಳೆದ ಮೇಲೆ ಅಕ್ಕ ಇದ್ದರೆ ತಾನೇ? ಅವನ ಮುಖದಲ್ಲಿ ಕರುಣೆಯಿತ್ತು, ಕಟ್ಟಳೆಯೂ ಇತ್ತು. ಎರಡರ ಜೊತೆಯೂ ವಾದ ಮಾಡುವಷ್ಟು ಶಕ್ತಿ ಓದುವವಳಿಗೆ ಇರಲಿಲ್ಲ.

ಅವನು ಹೋದ ಮೇಲೆ ಅವಳು ಎಂದಿನಂತೆ ಸೊಂಟಕ್ಕೆ ಪಟ್ಟಿ ಬಿಗಿದಳು. ಒರೆಯ ಎರಡು ಕೊಂಡಿಗೂ ವಾರು ಕಟ್ಟಿದಳು, ಮೇಲಿನದಕ್ಕೆ ಗಿಡ್ಡ, ಕೆಳಗಿನದಕ್ಕೆ ಉದ್ದ. ಕತ್ತಿಯನ್ನು ಪೀಠದಿಂದ ತೆಗೆಯುವ ಹಕ್ಕಿದ್ದದ್ದು ಓದುವವಳಿಗೆ ಮಾತ್ರ, ಅದೂ ಓದಿನ ಹೊತ್ತಿನಲ್ಲಿ, ಅದೂ ನೆಟ್ಟಗೆ ಹಿಡಿದು. ಅದನ್ನು ಒರೆಗೆ ಸೇರಿಸಿ ನಡೆದಳು. ತುದಿ ಮೀನಖಂಡಕ್ಕೆ ಬಡಿಯಿತು. ಹಿಡಿ ಎದೆಯಿಂದ ದೂರ ಓಡಿತು. ಹಿಡಿಯಲು ಕೈ ಚಾಚಿದರೆ ಒರೆ ಕಾಲಿಗೆ ತೊಡರಿತು. ಒಬ್ಬ ವೀರ ಇದನ್ನು ಕಟ್ಟಿಕೊಂಡು ಹೇಗೆ ಕಾದಾಡಿದ? ನಾಲ್ಕು ಹೆಜ್ಜೆ ಇಡುವುದೇ ಕಷ್ಟ. ಕೋಣೆ ಸಾಲದೇ ಇರಬಹುದೆಂದು ಹಿಂದಿನ ಅಂಗಳಕ್ಕೆ ಬಂದಳು.

ಅಲ್ಲಿ ಅಕ್ಕನ ಹೊಸ ಕಂಬ ಎತ್ತರದ ಎರಡು ಕಲ್ಲುಗಳ ಮೇಲೆ ಅಡ್ಡಲಾಗಿ ಮಲಗಿತ್ತು. ಆ ಊರಲ್ಲಿ ಮಲಗುವ ಭಾಗ್ಯವಿದ್ದದ್ದು ಹೊಸ ಕಂಬಗಳಿಗೆ ಮಾತ್ರ, ಅದೂ ನೆಡುವ ತನಕ. ಅವಳು ಅದನ್ನು ದಾಟಲು ಒಂದು ಕಾಲೆತ್ತಿ ಆಚೆ ಹಾಕಿದಳು. ಒರೆ ತೊಡರಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಕಣ್ಣು ಕತ್ತಲೆ ಬಂತು. ಅವಳು ಕಂಬದ ಮೇಲೆ ದಪ್ಪನೆ ಬಿದ್ದಳು, ಈಚೆಗೊಂದು ಕಾಲು, ಆಚೆಗೊಂದು ಕಾಲು.

ಅವಳು ಕೂತಿದ್ದಳು.

ಸುತ್ತ ನೋಡಿದಳು. ಯಾರೂ ಇರಲಿಲ್ಲ. ಏಳಬೇಕೆಂದು ಕೈ ಊರಲು ಹೋದಾಗ ಆ ಕೈಗೆ ಕತ್ತಿಯ ಹಿಡಿ ತಾನಾಗಿ ಬಂದು ಸಿಕ್ಕಿತು. ಓಡಿಹೋಗಲಿಲ್ಲ, ತೊಡರಲಿಲ್ಲ. ಒರೆ ಅವಳ ತೊಡೆಯ ಉದ್ದಕ್ಕೂ ಒರಗಿಕೊಂಡು, ತುದಿಯನ್ನು ಹಿಂದಕ್ಕೆ ಚಾಚಿ, ಹಾಲು ಕುಡಿದ ಕೂಸಿನ ಹಾಗೆ ಸುಮ್ಮನಾಗಿತ್ತು. ಒರೆಯ ಒಳಮೈಯಲ್ಲಿ ಸವೆದು ನುಣುಪಾದ ಒಂದು ಜಾಗವಿತ್ತು. ನಿಂತವರ ಮೈಯ ಯಾವ ಭಾಗಕ್ಕೂ ಅದು ತಾಗುವುದಿಲ್ಲವಲ್ಲ ಎಂದು ಅವಳು ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದಳು. ಅದೀಗ ಅವಳ ತೊಡೆಗೆ ಸರಿಯಾಗಿ ತಾಗಿ ಕೂತಿತ್ತು. ವಾರುಗಳಲ್ಲಿ ಒಂದು ಗಿಡ್ಡ ಒಂದು ಉದ್ದ ಏಕೆಂದು ಗೊತ್ತಾಯಿತು. ಹಿಡಿ ಏಕೆ ವಾಲಿದೆಯೆಂದು ಗೊತ್ತಾಯಿತು. ಮೇಲೆ ಕೂತು ಕೆಳಗಿನವನನ್ನು ಹೊಡೆಯುವವನಿಗೆ ಅಲಗು ಆ ಬಾಗಿನಲ್ಲೇ ಇರಬೇಕು. ಕಾಲುಗಳು ಎರಡೂ ಕಡೆ ಜೋತಾಡುತ್ತಾ, ಎಲ್ಲಾದರೂ ಊರಿಕೊಳ್ಳಲು ಜಾಗ ಹುಡುಕುತ್ತಿದ್ದವು. ಆಗ ಆ ಎರಡು ಕಬ್ಬಿಣದ ಬಳೆಗಳು ನೆನಪಾದವು. ಎಡದ್ದು ಹೆಚ್ಚು ಸವೆಯದೆ ಇನ್ನೇನು? ಹತ್ತುವಾಗಲೆಲ್ಲ ಅದನ್ನೇ ಮೆಟ್ಟಿ ಹತ್ತುತ್ತಿದ್ದ.

ಯಾವುದರ ಮೇಲೆ ಹತ್ತುತ್ತಿದ್ದ ಎಂಬುದು ಅವಳಿಗೆ ತಿಳಿಯಲಿಲ್ಲ. ಅಗಲವಾದ ಬೆನ್ನಿದ್ದ ಏನೋ ಒಂದು. ಕುದುರೆ ಎಂಬ ಪ್ರಾಣಿಯನ್ನು ಆ ಊರಲ್ಲಿ ಈಗ ಬದುಕಿದ್ದ ಯಾರೂ ಕಂಡಿರಲಿಲ್ಲ, ಆ ಪದವೂ ಅವರ ಬಾಯಲ್ಲಿ ಉಳಿದಿರಲಿಲ್ಲ.

ಏಳಬೇಕು, ಏಳಬೇಕು ಎಂದುಕೊಳ್ಳುತ್ತಲೇ ಅವಳು ಒಂದಷ್ಟು ಹೊತ್ತು ಕೂತೇ ಇದ್ದಳು. ಕಣ್ಣಿಂದ ನೀರು ತಾನಾಗಿ ಸುರಿಯಿತು. ದುಃಖವೇನೂ ಇರಲಿಲ್ಲ. ಹೊತ್ತ ಭಾರ ಇಳಿಸಿದಾಗ ಬೆವರು ಬರುವುದಿಲ್ಲವೇ, ಹಾಗೆ.

ಸಂಜೆ ಅಕ್ಕನ ಹತ್ತಿರ ಎಲ್ಲವನ್ನೂ ಹೇಳಿದಳು. ಅಕ್ಕ ಮುದ್ದೆಯ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿಸಿಕೊಂಡಳು. ಕತ್ತಿಯ ಬಗ್ಗೆ, ಒರೆಯ ಬಗ್ಗೆ, ಕಾಲುಬಳೆಯ ಬಗ್ಗೆ ಅವಳು ಒಂದು ಮಾತೂ ಕೇಳಲಿಲ್ಲ.

"ಹೆಂಗಿತ್ತೇ?" ಎಂದಳು.

"ಏನು?"

"ಕೂತಿದ್ದು ಕಣೇ. ಹೆಂಗಿತ್ತು?"

ಓದುವವಳು ಯೋಚಿಸಿದಳು. ಊರಿನ ಭಾಷೆಯಲ್ಲಿ ಅದಕ್ಕೆ ಮಾತೇ ಇರಲಿಲ್ಲ. "ಕಾಲು ಇರೋದೇ ಮರೆತುಹೋಯ್ತು ಅಕ್ಕ" ಎಂದಳು.

ಅಕ್ಕ ತನ್ನ ಕಾಲುಗಳನ್ನು ನೋಡಿಕೊಂಡಳು. ಅವು ಊದಿ ಹೊಳೆಯುತ್ತಿದ್ದವು. "ನಂಗೂ ಒಂದು ಸಲ ಮರೀಬೇಕು" ಎಂದಳು. ಆಮೇಲೆ ಸಿಡುಕಿದಳು. "ಯಾರ ಹತ್ರಾನೂ ಬಾಯಿ ಬಿಟ್ಟೀಯಾ, ಜೋಕೆ. ಎಡ ಅಂದ್ಬಿಡು. ಯಜಮಾನರಿಗೆ ಬೇಕಾಗಿರೋದು ಅದೇ ತಾನೇ? ನಾನು ಹೆಂಗೂ ಹೋಗೋಳು. ನೀನಾದ್ರೂ ಇಲ್ಲಿರು."

"ನಿನ್ನ ಕೈ ಹಿಡಿದು ಆ ಕಲ್ಲು ದಾಟಿಸಿ, ವಾಪಸ್ ಬಂದು, ಎಡ ಅಂತ ಹೇಳ್ಕೊಂಡು ಇರ್ಲಾ?"

"ಇರು ಮತ್ತೆ. ಎಲ್ಲರೂ ಇಲ್ವಾ?"

ಓದುವವಳು ಅಕ್ಕನ ಎದೆಯ ಬಟ್ಟೆಯನ್ನು ಸ್ವಲ್ಪ ಸಡಿಲಿಸಿ, ಕೊರೆದ ಗೆರೆಗೆ ಎಣ್ಣೆ ಸವರಿದಳು. ಸತ್ಯ ಗೊತ್ತಾದರೆ ಮೈ ಹಗುರಾಗುತ್ತದೆ ಎಂದು ಅವಳು ಚಿಕ್ಕವಳಿದ್ದಾಗ ತಿಳಿದಿದ್ದಳು. ಈಗ ಹೊರಲು ಇನ್ನೊಂದು ಸೇರಿದಂತಾಗಿತ್ತು.

ನಿಲುವಿನ ದಿನ ಬಂತು. ಕತ್ತಿಯನ್ನು ಪೀಠ, ಒರೆ, ಕಾಲುಬಳೆಗಳ ಸಮೇತ ಎತ್ತಿ ಹಿಂದಿನ ಅಂಗಳಕ್ಕೆ ತಂದರು. ಅದರ ನೆರಳು ಉದ್ದಕ್ಕೆ ಚಾಚಿ, ಎರಡು ಕಲ್ಲುಗಳ ಮೇಲೆ ಮಲಗಿದ್ದ ಹೊಸ ಕಂಬವನ್ನು ಮುಟ್ಟಿತು. ಎಡಗಾಲಿನವರು ಒಂದು ಕಡೆ, ಬಲಗಾಲಿನವರು ಒಂದು ಕಡೆ. ಎಲ್ಲರ ಎದೆಯ ಬಟ್ಟೆಗಳೂ ಬಿಚ್ಚಿ ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅಕ್ಕ ಮುಂದಿನ ಸಾಲಿನಲ್ಲಿದ್ದಳು. ಅವಳು ನಿಂತಿದ್ದಳು ಎನ್ನುವುದಕ್ಕಿಂತ ಇನ್ನೂ ಬಿದ್ದಿರಲಿಲ್ಲ ಎನ್ನಬೇಕು.

"ಕತ್ತಿ ನಿಂತಿದೆ" ಎಂದ ಯಜಮಾನ.

"ನಾವೂ ನಿಂತಿದ್ದೇವೆ" ಎಂದಿತು ಊರು.

"ಓದುವವಳು ಹೇಳಲಿ. ಎಡವೋ ಬಲವೋ?"

ಓದುವವಳು ಮುಂದೆ ಬಂದಳು. ಭಾಷಣವನ್ನೇನೋ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಳು. ಅಕ್ಕನ ಮೊಣಕಾಲು ನಡುಗುವುದನ್ನು ಕಂಡದ್ದೇ ಅದೆಲ್ಲ ಹಾರಿಹೋಯಿತು. "ಎರಡೂ ಅಲ್ಲ" ಎಂದಳು.

ಎರಡೂ ಕಡೆಯವರು ಒಟ್ಟಿಗೆ ಗುಲ್ಲೆಬ್ಬಿಸಿದರು. ಎಷ್ಟೋ ವರ್ಷಗಳಲ್ಲಿ ಅವರು ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು.

ಓದುವವಳು ಮಾತು ಮುಂದುವರಿಸಲಿಲ್ಲ. ಮೂಲೆಯ ರಾಶಿಯಿಂದ ಅಕ್ಕನ ಬಟ್ಟೆಯನ್ನು ಹುಡುಕಿ ತಂದಳು. ಅದರ ಎರಡು ತುದಿಗೂ ಒಂದೊಂದು ಕಾಲುಬಳೆ ಕಟ್ಟಿ, ಮಲಗಿದ್ದ ಕಂಬದ ಮೇಲೆ ಒಂದು ಸುತ್ತು ಬಿಗಿದು ಅಡ್ಡ ಹಾಕಿದಳು. ಈ ಕಡೆಗೊಂದು, ಆ ಕಡೆಗೊಂದು ಬಳೆ ಜೋತಾಡಿತು. ಆಮೇಲೆ ಪಟ್ಟಿ ಬಿಗಿದು, ಒರೆ ಕಟ್ಟಿ, ಪೀಠದಿಂದ ಕತ್ತಿಯನ್ನು ಎತ್ತಿ ಒರೆಗೆ ಇಳಿಸಿದಳು. ಓದಿನ ಹೊತ್ತಲ್ಲವೇ, ಯಾರೂ ತಡೆಯಲಿಲ್ಲ. ಜನರ ಮುಂದೆ ನಾಲ್ಕು ಹೆಜ್ಜೆ ನಡೆದಳು. ತುದಿ ಮೀನಖಂಡಕ್ಕೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು.

"ನೋಡಿ, ನಿಂತರೆ ಇದು ಹೀಗೆ" ಎಂದಳು.

ಆಮೇಲೆ ಎಡದ ಬಳೆಯನ್ನು ಮೆಟ್ಟಿ ಕಂಬದ ಮೇಲೆ ಹತ್ತಿ ಕೂತಳು.

ಯಾರೋ ಚೀರಿದರು. ಹೆಗಲ ಮೇಲಿನ ಕೂಸುಗಳ ಕಣ್ಣನ್ನು ತಾಯಂದಿರು ಮುಚ್ಚಿದರು. ಆ ಊರಲ್ಲಿ ಒಬ್ಬರು ಬೇಕೆಂದೇ ಕೂತದ್ದನ್ನು ಹಾಡುಹಗಲಲ್ಲಿ, ಎಲ್ಲರೂ ಒಟ್ಟಿಗೆ ಕಂಡದ್ದು ಅದೇ ಮೊದಲು. ಆದರೆ ಮೊದಲ ಗಾಬರಿ ಇಳಿದ ಮೇಲೆ ಅವರ ಕಣ್ಣು ಓದುವವಳನ್ನು ಬಿಟ್ಟು ಕತ್ತಿಯ ಮೇಲೆ ಹೋಯಿತು. ಅದು ಅವಳ ತೊಡೆಗೆ ಒರಗಿತ್ತು. ಅದರ ಬಾಗು ಕಂಬದ ಮೈಗೆ ಹೊಂದಿಕೊಂಡಿತ್ತು. ಅವಳು ಕೈ ಇಳಿಬಿಟ್ಟಳು, ಹಿಡಿ ಅಲ್ಲೇ ಇತ್ತು. ಪಾದಗಳು ಬಳೆಗಳೊಳಗೆ ಇಳಿದವು, ಚಪ್ಪಟೆ ಜಾಗ ಪಾದಕ್ಕೆ ಸರಿಹೋಯಿತು. ಹುಟ್ಟಿದಾಗಿನಿಂದ ಕಂಡ ಕತ್ತಿಯನ್ನು ಊರು ಮೊದಲ ಸಲ ನೆಮ್ಮದಿಯಾಗಿ ಕಂಡಿತು.

"ಅವನು ಎಡಗಾಲಿನ ಮೇಲೂ ನಿಲ್ಲಲಿಲ್ಲ, ಬಲಗಾಲಿನ ಮೇಲೂ ನಿಲ್ಲಲಿಲ್ಲ" ಎಂದಳು ಓದುವವಳು. "ಅವನು ಕೂತಿದ್ದ. ಊರಬಾಗಿಲಲ್ಲಿ ಕೂತೇ ಕಾದಾಡಿದ. ಬಯಲಲ್ಲೆಲ್ಲ ಕೂತೇ ಅಲೆದ. ಕೂರಬೇಡಿ ಅಂತ ನಮಗೆ ಹೇಳಿದನಲ್ಲ, ಅದನ್ನೂ ಕೂತುಕೊಂಡೇ ಹೇಳಿದ."

"ಯಾವುದರ ಮೇಲೆ?" ಎಂದು ಯಾರೋ ಕೂಗಿದರು.

"ಗೊತ್ತಿಲ್ಲ. ಬೆನ್ನಿದ್ದ ಯಾವುದೋ ಒಂದರ ಮೇಲೆ. ಅದನ್ನ ಇನ್ನೂ ಓದಬೇಕು."

ಯಜಮಾನ ನೆಟ್ಟಗೆ ನಿಂತಿದ್ದ. ಅವನ ಗಡ್ಡ ಮಾತ್ರ ಅಲುಗುತ್ತಿತ್ತು. "ಏಳಮ್ಮ ಮೇಲೆ" ಎಂದ.

"ಏಳಲ್ಲ ಯಜಮಾನರೇ. ಸಾಕಾಗಿದೆ."

"ಹಾಗಾದ್ರೆ ಕಟ್ಟಳೆ ಗೊತ್ತಲ್ಲ?"

"ಗೊತ್ತು. ಗಡಿಯಾಚೆ ಕಳಿಸಿ, ಹೋಗ್ತೀನಿ. ಈ ಕತ್ತಿಯನ್ನೂ ನನ್ನ ಜೊತೆ ಕಳಿಸಿ. ನನಗಿಂತ ಮೊದಲು ಕೂತಿದ್ದವನದ್ದು ಇದು."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಜಮಾನ ಮುಂದಿನ ಸಾಲಿನ ಕಡೆ ತಿರುಗಿದ. ಅವಳ ಅತಿ ಹತ್ತಿರದ ನಂಟಸ್ತಿಕೆ ಅಲ್ಲಿ ಗಡಗಡ ನಡುಗುತ್ತಿತ್ತು. "ನಿನ್ನ ತಂಗಿಯ ಕೈ ಹಿಡಿದು ಕರ್ಕೊಂಡು ಹೋಗು" ಎಂದ.

ಅಕ್ಕ ತಲೆ ಎತ್ತಿದಳು. ಬೆವರು ಅವಳ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ದನಿ ಮಾತ್ರ ಅಡುಗೆಮನೆಯಲ್ಲಿ ಮಾತಾಡುವ ಹಾಗೇ ಇತ್ತು. "ನನಗೆ ಅಲ್ಲಿ ತನಕ ಹೋಗೋಕೆ ಕಾಲಿಲ್ಲ ಯಜಮಾನರೇ. ನೀವೇ ಕರ್ಕೊಂಡು ಹೋಗಿ. ದಾರಿ ನಿಮಗೆ ಗೊತ್ತಲ್ಲ."

ಯಜಮಾನ ಹುಡುಗನಾಗಿದ್ದಾಗ ತನ್ನ ತಾಯಿಯನ್ನು ಕೈ ಹಿಡಿದು ಗಡಿಕಲ್ಲು ದಾಟಿಸಿ ಬಂದಿದ್ದ. ಅದು ಊರಿಗೆಲ್ಲ ಗೊತ್ತಿತ್ತು. ಹಿಂದೆ ತಿರುಗದೆ ಬಂದನೆಂಬುದಕ್ಕೇ ಮುಂದೆ ಅವನನ್ನು ಯಜಮಾನನನ್ನಾಗಿ ಮಾಡಿದ್ದರು.

ಕತ್ತಿಯ ನೆರಳಿರಬೇಕಾದ ಜಾಗದಲ್ಲಿ ಈಗ ಬರಿಯ ಪೀಠದ ನೆರಳು ಬಿದ್ದಿತ್ತು. ಅವನು ಅದನ್ನೇ ನೋಡುತ್ತಿದ್ದ.

"ನಂಗೆ ಜ್ವರ ಬಂದಿತ್ತು" ಎಂದ ಕೊನೆಗೆ, ಯಾರಿಗೂ ಅಲ್ಲದ ಹಾಗೆ. "ಅಮ್ಮ ಹಗಲೆಲ್ಲ ಹೆಗಲ ಮೇಲೆ ಹೊತ್ಕೊಂಡೇ ಇದ್ಳು. ಆಮೇಲೆ ಕೂತಳು. ನನ್ನನ್ನ ತೊಡೆ ಮೇಲೆ ಮಲಗಿಸ್ಕೊಂಡಳು. ಒಂದು ಚೂರು ಹೊತ್ತು ಅಷ್ಟೇ. ನಂಗೆ ನಿದ್ದೆ ಹತ್ತಿತ್ತು, ಅಷ್ಟರಲ್ಲಿ ಯಾರೋ ನೋಡಿದ್ರು."

ಅವನು ಓದುವವಳ ಹತ್ತಿರ ಬಂದ. ಅವಳು ಕಂಬದ ಮೇಲೆ ಕೂತಿದ್ದರಿಂದ ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿದ್ದವು. ಅವಳು ಬೈಗುಳಕ್ಕೂ ಹೊಡೆತಕ್ಕೂ ಸಿದ್ಧಳಾಗಿದ್ದಳು. ಅವನು ಕೇಳಿದ್ದು ಇಷ್ಟೇ:

"ಹಂಗಾದ್ರೆ, ನಮ್ಮಮ್ಮ?"

ಅಲಗಿನ ಮುಕ್ಕುಗಳನ್ನೆಲ್ಲ ಬೆರಳಿನಲ್ಲಿ ಓದಿದ್ದ ಅವಳಿಗೆ ಆ ಮುದುಕನ ಮುಖವನ್ನು ನೋಡುವುದಕ್ಕೂ ಆಗಲಿಲ್ಲ. ಎಡ ಎಂದೇ ಹೇಳಿಬಿಡಬೇಕಿತ್ತೇ ಎಂದು ಒಂದು ಗಳಿಗೆ ಅನ್ನಿಸಿತು. ಎಡ ಎಂದಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

"ಹೇಳು ತಾಯಿ, ಓದಿದೀಯಲ್ಲ. ನಮ್ಮಮ್ಮ ಏನು ತಪ್ಪು ಮಾಡಿದ್ಳು?"

"ಏನೂ ಮಾಡಿರಲಿಲ್ಲ" ಎಂದಳು ಓದುವವಳು.

ಯಜಮಾನ ತಲೆಯಾಡಿಸಿದ. ಹಾಗೇ ತಲೆಯಾಡಿಸುತ್ತಾ ಇರುವಾಗ ಅವನ ಮೊಣಕಾಲು ಮಡಚಿಕೊಂಡಿತು. ಕೂರುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಒಂದು ಕೈ ಗಾಳಿಯಲ್ಲಿ ಕಂಬ ಹುಡುಕಿತು, ಸಿಗಲಿಲ್ಲ, ಅವನು ಮಣ್ಣಿನ ಮೇಲೆ ಕುಕ್ಕರಿಸಿ ಬಿದ್ದ. ಬಿದ್ದವನು ಏಳಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಹುಡುಗನ ಹಾಗೆ ಅತ್ತ.

ಊರು ಅವನನ್ನೇ ನೋಡುತ್ತಿತ್ತು. ಈಗ ಯಜಮಾನನನ್ನು ಗಡಿ ದಾಟಿಸಬೇಕಾದವರು ಯಾರು? ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಇದ್ದ ಒಬ್ಬಳೇ ತಾಯಿಯನ್ನು ಅವನೇ ದಾಟಿಸಿದ್ದ. ಯಾರೂ ಮುಂದೆ ಬರಲಿಲ್ಲ. ಆಮೇಲೆ ಬಲಗಾಲಿನ ಕಡೆಯ ಒಬ್ಬ ಮುದುಕಿ ನಿಧಾನವಾಗಿ, ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ ನೆಲಕ್ಕೆ ಊರಿ, ನರಳುತ್ತಾ ಅವನ ಪಕ್ಕದಲ್ಲಿ ಕೂತಳು. ಬೆನ್ನು ಸವರಲು ಕೂತಳೋ, ಅವಳಿಗೂ ಸಾಕಾಗಿತ್ತೋ, ಹೇಳುವುದು ಕಷ್ಟ. ಅವಳ ಹಿಂದೆ ಒಬ್ಬ ಗಂಡಸು ಕೂತ. ಎಡಗಾಲಿನವರಲ್ಲಿ ಇಬ್ಬರು ಕೂತರು. ಬಟ್ಟೆ ನೆಲಕ್ಕೆ ತಾಗುವ ಮೆಲ್ಲನೆಯ ಸದ್ದು ಅಂಗಳದಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ಕೇಳಿಸಿತು. ಯಾರೂ ಗೆದ್ದವರ ಹಾಗೆ ಕಾಣಲಿಲ್ಲ. ಕೂತವರಲ್ಲಿ ಬಹಳ ಮಂದಿ ಗಡಿಕಲ್ಲಿನ ಕಡೆಗೇ ಮುಖ ಮಾಡಿದ್ದರು. ಅವರೂ ಒಬ್ಬೊಬ್ಬರನ್ನು ದಾಟಿಸಿ ಬಂದವರೇ.

ಓದುವವಳು ಕಂಬದಿಂದ ಇಳಿದು ಓಡಿದಳು. ಒರೆ ಕಾಲಿಗೆ ಬಡಿಯಿತು. ಪಟ್ಟಿ ಬಿಚ್ಚಿ, ಕತ್ತಿಯನ್ನು ಒರೆಯ ಸಮೇತ ಮಣ್ಣಿನ ಮೇಲೆ ಮಲಗಿಸಿ, ಅಕ್ಕನ ಹತ್ತಿರ ಹೋದಳು. ಎಲ್ಲರೂ ಕೂರುತ್ತಿದ್ದರೂ ಅಕ್ಕ ಇನ್ನೂ ನಿಂತಿದ್ದಳು.

"ಕೂತ್ಕೋ ಅಕ್ಕ."

"ಹೆಂಗೇ?" ಎಂದಳು ಅಕ್ಕ. ಅವಳ ಹಲ್ಲು ಕಟಕಟಿಸುತ್ತಿತ್ತು. "ನಂಗೆ ಬರಲ್ಲ ಕಣೇ."

"ನನ್ನ ಹೆಗಲು ಹಿಡ್ಕೋ. ಹಿಂದಕ್ಕೆ ಬಾ. ಹೆದರ್ಬೇಡ, ನೆಲ ಅಲ್ಲೇ ಇದೆ."

ಒಂದು ಕಾಲದಲ್ಲಿ ತನ್ನನ್ನು ಹೊತ್ತ ಮೈಯನ್ನು ಅವಳು ತಬ್ಬಿ ಹಿಡಿದು, ಮೆಲ್ಲಗೆ, ಮೆಲ್ಲಗೆ, ಗೋಡೆಯ ಬುಡಕ್ಕೆ ಇಳಿಸಿದಳು. ಅಕ್ಕನ ಬೆನ್ನು ಗೋಡೆಗೆ ತಾಗಿತು. ಊದಿದ ಕಾಲುಗಳನ್ನು ಓದುವವಳೇ ಒಂದೊಂದಾಗಿ ಎತ್ತಿ ಮುಂದಕ್ಕೆ ಚಾಚಿಟ್ಟಳು. ಅಕ್ಕ ಉಸಿರು ಬಿಗಿಹಿಡಿದು ಕಾದಳು, ಇನ್ನೂ ಏನೋ ಆಗಬೇಕಿದೆ ಎಂಬಂತೆ. ಏನೂ ಆಗಲಿಲ್ಲ. ಗಾಳಿ ಬೀಸಿತು, ಬಿಸಿಲಿತ್ತು, ಮಣ್ಣು ಬೆಚ್ಚಗಿತ್ತು.

"ಇಷ್ಟೇನಾ?" ಎಂದಳು ಅಕ್ಕ.

"ಇಷ್ಟೇ ಅಕ್ಕ."

"ಇಷ್ಟಕ್ಕೇನಾ ಅಷ್ಟು ಜನಾನ..." ಎಂದು ಶುರು ಮಾಡಿದವಳು ಮುಗಿಸಲಿಲ್ಲ. ಮಣ್ಣಿನ ಮೇಲೆ ಅಳುತ್ತಿದ್ದ ಯಜಮಾನನ ಕಡೆ ಒಮ್ಮೆ ನೋಡಿದಳು. ಆಮೇಲೆ ತನ್ನ ಮುಂದೆ ಹೊಸದಾಗಿ ಹುಟ್ಟಿದ ತೊಡೆಯನ್ನು ನೋಡಿಕೊಂಡಳು, ಏನು ಮಾಡಬೇಕೆಂದು ತೋಚದೆ ಅದನ್ನೊಮ್ಮೆ ತಟ್ಟಿದಳು.

ಓದುವವಳು ಅದರ ಮೇಲೆ ತಲೆಯಿಟ್ಟು ಮಲಗಿದಳು.